ಗ್ರಾಫ್ ಹಾಳೆಯ ಮೇಲಿನ ಕತ್ತಲು

ಸೆಮಿಸ್ಟರ್ ರಜೆಗೆ ಚಳ್ಳಕೆರೆಗೆ ಬಂದವನು ಅಣ್ಣನ ಹಳೇ ಲ್ಯಾಪ್‌ಟಾಪ್‌ನಲ್ಲಿ ‘ಲೆಜೆಂಡ್ ಆಫ್ ಗ್ರಿಮ್‌ರಾಕ್’ ಆಡಿದೆ. ಹೊಸ ಗೇಮ್‌ಗಳು ಅದರಲ್ಲಿ ಓಡುವುದೇ ಇಲ್ಲ. 1987ರ ‘ಡಂಜನ್ ಮಾಸ್ಟರ್’ ಧಾಟಿಯಲ್ಲಿ ಫಿನ್‌ಲೆಂಡ್‌ನ ಪುಟ್ಟ ತಂಡವೊಂದು 2012ರಲ್ಲಿ ತಂದ ಆಟವಿದು. ನಾಲ್ವರು ಕೈದಿಗಳು, ಬೆಟ್ಟದೊಳಗಿನ ಕತ್ತಲು, ಚೌಕದಿಂದ ಚೌಕಕ್ಕೆ ಒಂದೊಂದೇ ಹೆಜ್ಜೆ.

ಮ್ಯಾಪ್ ತೋರಿಸದೆ ಆಡಿಸುವ ಆಯ್ಕೆಯೂ ಇದೆ. ಅದನ್ನೇ ಹಾಕಿಕೊಂಡು ಗ್ರಾಫ್ ಹಾಳೆಯಲ್ಲಿ ದಾರಿ ಬರೆದುಕೊಂಡೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಂಕಲಿ ಮಠದ ಗುಹೆಗೆ ಇಳಿದವರಿಗೆ ಗೊತ್ತು: ಟಾರ್ಚ್ ಹಿಡಿದವರು ಮುಂದೆ ಹೋದರೆ ಯಾವ ಕಡೆಯಿಂದ ಬಂದೆವೆಂದೇ ಮರೆತುಹೋಗುತ್ತದೆ. ಆ ದಿಗಿಲು ಇಲ್ಲಿದೆ. ಬಾಣದ ಗುರುತಿಟ್ಟು ಕೈಹಿಡಿದು ನಡೆಸುವ ಮೊಬೈಲ್ ಗೇಮ್‌ಗಳಲ್ಲಿ ಅದು ಸಿಗಲ್ಲ.

ಹಾಗಂತ ಹಳೆಯದಕ್ಕೆಲ್ಲ ಜೈ ಅನ್ನಲಾರೆ. ರಾಕ್ಷಸ ಎದುರಾದರೆ ಪಕ್ಕದ ಚೌಕಕ್ಕೆ ಸರಿ, ತಿರುಗು, ಹೊಡೆ, ಮತ್ತೆ ಸರಿ. ಈ ಗಿರಕಿ ಕಲಿತ ಮೇಲೆ ಹೆದರಿಕೆಯೇ ಹೋಯಿತು. ಗೋಡೆಯಲ್ಲಿ ಅಡಗಿಸಿಟ್ಟ ಗುಂಡಿ ಹುಡುಕುವುದಂತೂ ಬರೀ ಕಣ್ಣುನೋವಿನ ಕೆಲಸ. ಒಂದು ಬಾಗಿಲಿಗಾಗಿ ಎರಡು ರಾತ್ರಿ ಕಳೆದು, ಕೊನೆಗೆ ಯೂಟ್ಯೂಬ್ ನೋಡಿದೆ. ಬ್ಯಾಕ್‌ಲಾಗ್ ಉಳಿದ ಮ್ಯಾಥ್ಸ್ ಪುಸ್ತಕ ಪಕ್ಕದಲ್ಲೇ ಇತ್ತು!

ಮೊಳಕಾಲ್ಮುರಿನ ಗೆಳೆಯ ನನ್ನ ಹಾಳೆ ನೋಡಿ, ‘ಗ್ರಾಫ್ ಥಿಯರಿನೂ ಇಷ್ಟು ನೀಟಾಗಿ ಬರೆದಿದ್ರೆ ಪಾಸಾಗ್ತಿದ್ದೆ ಕಣೋ’ ಅಂದ. ಬಸ್ಸಿಗೆ ಹೊರಡುವಾಗ ಅದನ್ನೇ ಕೇಳಿ ಒಯ್ದ.