ಸಾಲ ತಂದಿದ್ದೇವೆ, ಮಾನ ಅಡವಿಟ್ಟಿಲ್ಲ!

ದುಡಿಯುವ ಗೆಳೆಯರೇ, ಗೆಳತಿಯರೇ,

ಸಂಬಳ ಬಂದ ಮೂರನೇ ದಿನಕ್ಕೆ ಖಾತೆ ಖಾಲಿಯಾಗುತ್ತಿದೆಯೇ? ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಎದೆ ಧಸಕ್ಕೆನ್ನುತ್ತದೆಯೇ? ಪಿಜಿಯಲ್ಲಿ ಪಕ್ಕದ ಮಂಚದವರಿಗೆ ಕೇಳಿಸಬಾರದೆಂದು ಟೆರೇಸಿಗೆ ಹೋಗಿ ಮಾತಾಡುತ್ತೀರಾ? ಹಾಗಾದರೆ ಈ ಕಾಗದ ನಿಮಗೇ. ಬಿಸಾಡಬೇಡಿ, ಓದಿ! ನಾವೂ ಹಾಗೆ ಕದ್ದು ಮಾತಾಡಿದವರೇ.

ನಾವು ಯಾರು? ಪೀಣ್ಯದಲ್ಲಿ ಮಷಿನ್ ನಡೆಸುವವರು. ಗಾರ್ಮೆಂಟ್ಸಿನಲ್ಲಿ ಹೊಲಿಯುವವರು. ಬೆನ್ನಿಗೆ ಊಟದ ಬ್ಯಾಗು ಹೊತ್ತು ಬೈಕಿನಲ್ಲಿ ಬೆಂಗಳೂರು ಸುತ್ತುವವರು. ಕಾಲ್ ಸೆಂಟರಿನಲ್ಲಿ ರಾತ್ರಿ ಪಾಳಿ ಮಾಡುವವರು. ಡಿಗ್ರಿ ಮುಗಿಸಿ ಊರು ಬಿಟ್ಟು ಬಂದವರು.

ಸಾಲ ಯಾಕೆ ಮಾಡಿದೆವು? ಶೋಕಿಗೆ ಅನ್ನುತ್ತಾರೆ! ರೂಮಿನ ಅಡ್ವಾನ್ಸ್ ಶೋಕಿಯೇ? ಅಪ್ಪನ ಆಪರೇಷನ್ ಶೋಕಿಯೇ? ತಂಗಿಯ ಫೀಸು ಶೋಕಿಯೇ? ಬೈಕು, ಫೋನು ಇಲ್ಲದೆ ನಮಗೆ ಕೆಲಸ ಕೊಡುವವರು ಯಾರು? ಯಾರೋ ಒಬ್ಬರು ಆಸೆಪಟ್ಟು ದುಬಾರಿ ಶೂ ಕೊಂಡಿರಬಹುದು. ಅದಕ್ಕೆ ಅವರ ತಾಯಿಗೆ ಫೋನ್ ಮಾಡಿ ಬೈಯುವ ಹಕ್ಕನ್ನು ಸಾಲ ವಸೂಲಿಯ ಏಜೆಂಟರಿಗೆ ಕೊಟ್ಟವರು ಯಾರು? ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಬುದ್ಧಿ ಹೇಳುವವರೇ, ಹಾಸಿಗೆಗೇ ಕತ್ತರಿ ಹಾಕುತ್ತಿರುವವರಿಗೆ ಏನು ಹೇಳುತ್ತೀರಿ?

ಲೆಕ್ಕ ನೋಡಿ!

ಆ್ಯಪಿನಲ್ಲಿ 5,000 ರೂಪಾಯಿ ಸಾಲ ಕೇಳುತ್ತೀರಿ. ಪ್ರೊಸೆಸಿಂಗ್ ಫೀ ಎಂದು 1,500 ಮುರಿದುಕೊಂಡು ಕೈಗೆ 3,500 ಕೊಡುತ್ತಾರೆ. ಏಳನೇ ದಿನ ಪೂರ್ತಿ 5,000 ಕಕ್ಕಬೇಕು. ಒಂದೇ ವಾರಕ್ಕೆ ನೂರಕ್ಕೆ 43 ರೂಪಾಯಿ ಬಡ್ಡಿ! ಮೀಟರ್ ಬಡ್ಡಿಯವನೂ ನಾಚಬೇಕು. ಆ ಸಾಲ ತೀರಿಸಲು ಇನ್ನೊಂದು ಆ್ಯಪು, ಅದಕ್ಕೆ ಮತ್ತೊಂದು. ಆರು ತಿಂಗಳಲ್ಲಿ ಸಂಬಳವೆಲ್ಲ ಅವರದು, ದುಡಿಮೆ ಮಾತ್ರ ನಮ್ಮದು!

ಕ್ರೆಡಿಟ್ ಕಾರ್ಡಿನ ಕಥೆ? ಬಾಕಿ 50,000 ಇದೆ ಎನ್ನಿ. ‘ಮಿನಿಮಮ್ 2,500 ಕಟ್ಟಿದರೆ ಸಾಕು’ ಎಂದು ಮೆಸೇಜು ಬರುತ್ತದೆ. ತಿಂಗಳಿಗೆ ನೂರಕ್ಕೆ ಮೂರೂವರೆ ಬಡ್ಡಿ ಹಿಡಿದರೆ 1,750. ಬಡ್ಡಿಯ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 315. ನೀವು ಬೆವರು ಸುರಿಸಿ ಕಟ್ಟಿದ 2,500ರಲ್ಲಿ ಅಸಲಿಗೆ ಹೋಗಿದ್ದು ಬರೀ 435 ರೂಪಾಯಿ! ಯಾರಿಗೆ ಸಾಕು ಅದು? ಅವರಿಗೆ ಸಾಕು!

ಪೆಟ್ಟು ಯಾರಿಗೆ?

ಒಂದು ಕಂತು ತಪ್ಪಲಿ, ನಿಮ್ಮ ಫೋನಿನಲ್ಲಿರುವ ಎಲ್ಲ ನಂಬರಿಗೂ ಸುದ್ದಿ! ಮಾವನಿಗೆ, ಮೇಸ್ತ್ರಿಗೆ, ಹೆಣ್ಣು ನೋಡಲು ಬಂದವರಿಗೆ. ಹುಡುಗಿಯರ ಫೋಟೋ ತಿರುಚಿ ವಾಟ್ಸಾಪಿಗೆ ಹಾಕುತ್ತಾರೆ. ನಾಚಿಕೆ ತಾಳದೆ ಕೆಲಸ ಬಿಟ್ಟವರಿದ್ದಾರೆ. ಊರಿಗೆ ಹೋಗುವುದನ್ನೇ ಬಿಟ್ಟವರಿದ್ದಾರೆ. ಜೀವವನ್ನೇ ಬಿಟ್ಟವರೂ ಇದ್ದಾರೆ. ನಾಚಿಕೆ ಪಡಬೇಕಾದವರು ನಾವಲ್ಲ!

ಊರಲ್ಲಿ ಅಮ್ಮನಿಗೆ ಸಂಘದ ಸಾಲ, ಬೆಂಗಳೂರಲ್ಲಿ ಮಗನಿಗೆ ಆ್ಯಪಿನ ಸಾಲ. ಆದರೆ ನಮ್ಮ ಅಮ್ಮಂದಿರು ಬಾಯಿ ಬಿಟ್ಟರು! 2025ರ ಜನವರಿಯಲ್ಲಿ ಹಾವೇರಿ ಜಿಲ್ಲೆಯ ಹೆಣ್ಣುಮಕ್ಕಳು ಮೈಕ್ರೋಫೈನಾನ್ಸ್ ಕಾಟದಿಂದ ಬೇಸತ್ತು ತಮ್ಮ ಮಾಂಗಲ್ಯವನ್ನೇ ಮುಖ್ಯಮಂತ್ರಿಗೆ ಅಂಚೆಯಲ್ಲಿ ಕಳಿಸಿದರು. ಮುಂದಿನ ತಿಂಗಳೇ ಸುಗ್ರೀವಾಜ್ಞೆ ಬಂತು. ಕಿರುಕುಳ ಕೊಟ್ಟು ವಸೂಲಿ ಮಾಡಿದರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ! ಬಾಯಿ ಬಿಟ್ಟಿದ್ದಕ್ಕೆ ಬಂತು. ಮತ್ತೆ ನಾವೇಕೆ ಟೆರೇಸಿನಲ್ಲಿ ಪಿಸುಗುಡುತ್ತಿದ್ದೇವೆ?

ತಿಳಿದುಕೊಳ್ಳಿ, ತಲೆ ಎತ್ತಿ!

ಕೈಲಾಗದೆ ಕಂತು ತಪ್ಪಿದರೆ ಅಷ್ಟಕ್ಕೇ ಅದು ಅಪರಾಧವಲ್ಲ. ‘ಪೊಲೀಸ್ ಕಳಿಸ್ತೀವಿ’ ಎಂಬ ಬೆದರಿಕೆಗೆ ಹೆದರಬೇಡಿ. ಚೆಕ್ ಬೌನ್ಸ್ ಆದರೆ ಮಾತ್ರ ಅದರ ಕೇಸೇ ಬೇರೆ, ಎಚ್ಚರ!

ಬಾಕಿ ಸಾಲಕ್ಕೆ ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ಇದು ರಿಸರ್ವ್ ಬ್ಯಾಂಕಿನ ನಿಯಮ. ಮೈಕ್ರೋಫೈನಾನ್ಸಿನವರಿಗೆ 9ರಿಂದ 6 ಮಾತ್ರ. ಬೈಯುವಂತಿಲ್ಲ. ನೆಂಟರಿಷ್ಟರ ಮುಂದೆ ಮಾನ ಕಳೆಯುವಂತಿಲ್ಲ. ಸಾಲದ ಆ್ಯಪು ನಿಮ್ಮ ಕಾಂಟ್ಯಾಕ್ಟ್ಸ್, ಫೋಟೋಗಳಿಗೆ ಕೈ ಹಾಕುವಂತಿಲ್ಲ. ವರ್ಷಕ್ಕೆ ಒಟ್ಟು ಎಷ್ಟು ಖರ್ಚು ಬೀಳುತ್ತದೆಂದು ಸಾಲ ಕೊಡುವ ಮೊದಲೇ ಬರೆದು ತೋರಿಸಬೇಕು!

ಇವತ್ತೇ ಮಾಡಿ!

ಒಂದು ಹಾಳೆ ತೆಗೆದುಕೊಳ್ಳಿ. ಯಾರಿಗೆ ಎಷ್ಟು, ಬಡ್ಡಿ ಎಷ್ಟು, ಯಾವ ತಾರೀಖು, ಎಲ್ಲ ಬರೆಯಿರಿ. ಬಡ್ಡಿ ಜಾಸ್ತಿ ಇರುವುದನ್ನು ಮೊದಲು ತೀರಿಸಿ. ಸಾಲ ತೀರಿಸಲು ಹೊಸ ಆ್ಯಪಿನ ಸಾಲ ಬೇಡವೇ ಬೇಡ!

ಕಾರ್ಡಿನ ಬಾಕಿ ದೊಡ್ಡದಾಗಿದ್ದರೆ ಕಾರ್ಡು ಬಳಸುವುದನ್ನು ನಿಲ್ಲಿಸಿ. ಬ್ಯಾಂಕಿಗೆ ಹೋಗಿ, ಕಡಿಮೆ ಬಡ್ಡಿಯ ಇಎಂಐ ಮಾಡಿಕೊಡಿ ಎಂದು ಬರೆದು ಕೇಳಿ. ಏಜೆಂಟನ ಸ್ವಂತ ಯುಪಿಐಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ಕಟ್ಟುವುದಿದ್ದರೆ ಸಾಲ ಕೊಟ್ಟ ಸಂಸ್ಥೆಯ ಖಾತೆಗೇ ಕಟ್ಟಿ, ರಸೀದಿ ಇಟ್ಟುಕೊಳ್ಳಿ.

ಬೆದರಿಕೆ ಬಂದರೆ ಗಾಬರಿಯಾಗಿ ಆ್ಯಪು ಅಳಿಸಿಬಿಡಬೇಡಿ. ಮೊದಲು ಸ್ಕ್ರೀನ್‌ಶಾಟ್, ಕರೆಯ ರೆಕಾರ್ಡಿಂಗ್, ನಂಬರು ಉಳಿಸಿಕೊಳ್ಳಿ. ಕಳ್ಳ ಆ್ಯಪಿನವರು, ಫೋಟೋ ತಿರುಚಿದವರ ಮೇಲೆ ಸೈಬರ್ ಸಹಾಯವಾಣಿ 1930ಕ್ಕೆ ದೂರು ಕೊಡಿ. ಬ್ಯಾಂಕು, ಫೈನಾನ್ಸ್ ಕಂಪನಿ 30 ದಿನದಲ್ಲಿ ನಿಮ್ಮ ದೂರು ಬಗೆಹರಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ, 14448ಕ್ಕೆ ಕರೆ ಮಾಡಿ. ಉಚಿತ ಕಾನೂನು ನೆರವಿಗೆ 15100. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ ಆದಾಯ ಎಷ್ಟೇ ಇರಲಿ, ವಕೀಲರು ಪುಕ್ಕಟೆ!

ಬದುಕೇ ಸಾಕೆನಿಸುತ್ತಿದೆಯೇ? ನಿಲ್ಲಿ! ಟೆಲಿ ಮಾನಸ್ 14416. ಹಗಲು ರಾತ್ರಿ ಎನ್ನದೆ ಕನ್ನಡದಲ್ಲೇ ಮಾತಾಡುತ್ತಾರೆ. ಯಾವ ಸಾಲವೂ ನಿಮ್ಮ ಜೀವಕ್ಕಿಂತ ದೊಡ್ಡದಲ್ಲ.

ಗೆಳೆಯರೇ, ಗೆಳತಿಯರೇ! ಒಬ್ಬೊಬ್ಬರೇ ಇದ್ದರೆ ನಮ್ಮನ್ನು ಹೆದರಿಸುವುದು ಸುಲಭ. ಐದು ಜನ ಒಟ್ಟಿಗೆ ಠಾಣೆಗೆ ಹೋದರೆ ದೂರು ಬರೆದುಕೊಳ್ಳಲೇಬೇಕಾಗುತ್ತದೆ. ಪಿಜಿಯಲ್ಲಿ, ಫ್ಯಾಕ್ಟರಿ ಗೇಟಿನಲ್ಲಿ, ಆರ್ಡರಿಗೆ ಕಾಯುವ ಹೋಟೆಲ್ ಮುಂದೆ ಮಾತು ತೆಗೆಯಿರಿ. ‘ನನಗೂ ಸಾಲ ಇದೆ’ ಎಂದು ನೀವು ಮೊದಲು ಹೇಳಿ. ಪಕ್ಕದವರೂ ಹೇಳುತ್ತಾರೆ! ಮನೆಯವರಿಗೆ ಏಜೆಂಟ್ ಹೇಳುವ ಮೊದಲು ನೀವೇ ಹೇಳಿ.

ತಂದ ಅಸಲು ತೀರಿಸೋಣ. ನ್ಯಾಯವಾದ ಬಡ್ಡಿಯನ್ನೂ ಕೊಡೋಣ. ಮಾನವನ್ನು ಮಾತ್ರ ಯಾರಿಗೂ ಕೊಡುವುದು ಬೇಡ!

ಓದಿದ ಮೇಲೆ ಪಕ್ಕದವರ ಕೈಗೆ ಕೊಡಿ.

– ನಿಮ್ಮಂತೆಯೇ ಕಂತು ಕಟ್ಟುತ್ತಿರುವ ಬೆಂಗಳೂರಿನ ಯುವ ದುಡಿಮೆಗಾರರು