ಜೋಲಿ ಕಟ್ಟಾಕ ಒಂದು ಗಿಡ ಇರಲಿ

ಬೇಸಾಯದ ಸಾಮಾನು ಯಾವ್ಯಾವು ಅಂತ ಕೇಳಿದರೆ ನಾವು ಕೂರಿಗಿ, ಕುಂಟಿ, ರಂಟಿ, ಕುಡಗೋಲು ಅಂತ ಎಣಿಸುತ್ತೇವೆ. ಈಗಿನ ಹುಡುಗರು ಟ್ರ್ಯಾಕ್ಟರ್, ಸ್ಪ್ರೇಯರ್ ಅಂತಾರೆ. ಜೋಲಿ ಅಂತ ಒಬ್ಬರೂ ಅನ್ನುವುದಿಲ್ಲ. ಆದರೆ ಎಳೇ ಕೂಸಿದ್ದ ಮನೆಯ ಹೊಲದಲ್ಲಿ ಜೋಲಿ ಇಲ್ಲದೆ ಕಳೆ ತೆಗೆಯುವುದಾಗಲಿ, ಹೆಸರು ಬಿಡಿಸುವುದಾಗಲಿ ನಡೆಯುವುದಿಲ್ಲ. ಈ ಕೈಕೆಲಸವೆಲ್ಲ ಹೆಣ್ಣುಮಕ್ಕಳದ್ದು. ಅವರ ಹಿಂದೆ ಕೂಸು ಬಂದೇ ಬರುತ್ತದೆ. ಹಾಗಾಗಿ ಜೋಲಿಯೂ ಬೇಸಾಯದ ಸಾಮಾನೇ ಅಂತ ನಾನು ಹೇಳುತ್ತೇನೆ. ಇದು ನನಗೆ ಮೊದಲೇ ತಿಳಿದಿದ್ದಲ್ಲ. ತಪ್ಪು ಮಾಡಿ ತಿಳಿದಿದ್ದು.

ನಮ್ಮದು ಕೊಪ್ಪಳ ಜಿಲ್ಲೆ, ಯಲಬುರ್ಗಾ ಸೀಮೆ. ನಾಲ್ಕು ಎಕರೆ ಎರಿ, ಎರಡು ಎಕರೆ ಮಸಾರಿ. ಎಲ್ಲ ಮಳೆ ನಂಬಿದ ಹೊಲ. ಮುಂಗಾರಿಗೆ ಹೆಸರು, ಸಜ್ಜಿ, ಹಿಂಗಾರಿಗೆ ಕಡ್ಲಿ, ಬಿಳಿಜೋಳ. ಎರಿ ಹೊಲದ ಒಡ್ಡಿನ ಮ್ಯಾಲೆ ನಮ್ಮಪ್ಪ ಹಚ್ಚಿದ ಒಂದು ಬೇವಿನ ಗಿಡ ಇತ್ತು. ನಾವು ನಾಲ್ಕು ಮಂದಿ ಅಣ್ಣತಮ್ಮಂದಿರು, ಅಕ್ಕತಂಗಿಯರು ಅದರ ಟೊಂಗಿಗೆ ಕಟ್ಟಿದ ಜೋಲಿಯಲ್ಲಿ ಮಲಗಿ ದೊಡ್ಡವರಾದವರು. ನನ್ನ ಮಕ್ಕಳೂ ಅಲ್ಲೇ ಮಲಗಿದರು.

2021ರಲ್ಲಿ ಆ ಗಿಡ ಕಡಿಸಿದೆ. ಟ್ರ್ಯಾಕ್ಟರ್ ತಿರುಗಿಸಲು ಅಡ್ಡ ಆಗುತ್ತಿತ್ತು. ನೆರಳಿಗೆ ಬೆಳೆ ಸರಿ ಬರೋದಿಲ್ಲ ಅಂತ ಮಗನೂ ಅಂದ, ಪಕ್ಕದ ಹೊಲದವರೂ ಅಂದರು. ಕಟ್ಟಿಗಿ ಮಾರಿ 2,800 ರೂಪಾಯಿ ಬಂತು. ಮನೆಯಾಕಿ ಎರಡು ದಿನ ನನ್ನ ಸಂಗಡ ಮಾತಾಡಲಿಲ್ಲ. ಹೆಂಗಸರಿಗೆ ಗಿಡದ ಮ್ಯಾಲೆ ಮಾಯೆ ಜಾಸ್ತಿ ಅಂತ ನಾನು ಸುಮ್ಮನಾದೆ.

ಆ ದಿನ

2024ರ ಆಗಸ್ಟ್ ತಿಂಗಳು. ಮಳೆ ಚಲೋ ಆಗಿತ್ತು, ಹೆಸರು ಒಮ್ಮೆಲೇ ಒಣಗಿ ನಿಂತಿತ್ತು. ಹೆಸರಿನ ಕಾಯಿ ಒಣಗಿದ ಮೇಲೆ ಮಳೆ ಬಿದ್ದರೆ ಗಿಡದಲ್ಲೇ ಮೊಳಕೆ ಒಡೆಯುತ್ತದೆ, ಕಾಳು ಕಪ್ಪಾಗುತ್ತದೆ. ತಡ ಮಾಡುವ ಹಂಗಿಲ್ಲ. ಆಳು ಸಿಗಲಿಲ್ಲ. ಸೊಸಿ ನಾಲ್ಕು ತಿಂಗಳ ಕೂಸು ಕಟ್ಟಿಕೊಂಡು ಹೊಲಕ್ಕೆ ಬಂದಳು. ಮನೆಯಲ್ಲಿ ಬಿಟ್ಟು ಬರೋಣ ಅಂದರೆ ಎದೆಹಾಲು ಕುಡಿಯುವ ಕೂಸು, ಎರಡು ಮೂರು ತಾಸಿಗೊಮ್ಮೆ ತಾಯಿ ಬೇಕು. ಹೊಲ ಊರಿಂದ ಎರಡು ಮೈಲು.

ಜೋಲಿ ಎಲ್ಲಿ ಕಟ್ಟಬೇಕು? ಸುತ್ತ ಕಣ್ಣು ಹಾಯಿಸಿದರೆ ಒಂದು ಗಿಡ ಇಲ್ಲ. ನಾನು ಕಡಿದಂಗೆ ಎಲ್ಲರೂ ಕಡಿದಿದ್ದರು. ಚೀಲ ಹೇರಲು ತಂದ ಟ್ರಾಲಿ ಒಡ್ಡಿನ ಹತ್ತಿರ ನಿಂತಿತ್ತು. ಸೊಸಿ ಅದರ ಕೆಳಗೆ ಜೋಲಿ ಕಟ್ಟಿ ಕೂಸು ಮಲಗಿಸಿದಳು. ಇದೇನು ಹೊಸದಲ್ಲ. ಬಂಡಿ ಕೆಳಗೆ ಜೋಲಿ ಕಟ್ಟುವುದು ನಮ್ಮ ಹಿರಿಯರಿಂದ ಬಂದ ರೂಢಿ. ಆದರೆ ಎತ್ತು ಕೊಳ್ಳ ಹರಿದ ಬಂಡಿ ತಾನಾಗಿ ಎಲ್ಲಿಗೂ ಹೋಗುವುದಿಲ್ಲ. ಟ್ರ್ಯಾಕ್ಟರ್ ಹಾಗಲ್ಲ, ಅದು ಟ್ರಾಲಿಗೆ ಹೂಡಿಕೊಂಡೇ ನಿಂತಿರುತ್ತದೆ.

ಮಧ್ಯಾಹ್ನ ಮೋಡ ಕವಿಯಿತು. ಚೀಲ ಆ ಕಡೆ ಇದ್ದವು. ನಾನೇ ಕೂಗಿ ಮಗನಿಗೆ ಹೇಳಿದೆ, "ಟ್ರ್ಯಾಕ್ಟರ್ ಮುಂದ ತಗೊಳ್ಳೋ, ಮಳಿ ಬಂತು." ಅವನು ಹತ್ತಿ ಚಾಲೂ ಮಾಡಿದ. ಮನೆಯಾಕಿ ಸಾಲಿನ ನಡುವಿಂದ ಒದರಿದ್ದು ನನಗೆ ಈಗಲೂ ಕಿವಿಯಲ್ಲಿದೆ. ಗಾಲಿ ಒಂದು ಮೊಳ ಉರುಳಿತ್ತು, ಅಷ್ಟರೊಳಗೆ ನಿಂತಿತು. ಕೂಸಿಗೆ ಎಚ್ಚರ ಸಹಿತ ಆಗಿರಲಿಲ್ಲ.

ಯಾರೂ ಯಾರನ್ನೂ ಬೈಯಲಿಲ್ಲ. ಸೊಸಿ ಕೂಸು ಎದೆಗೆ ಅವಚಿಕೊಂಡು ಕೂತಳು. ಆ ದಿನ ಮುಂದೆ ಹೆಸರು ಬಿಡಿಸುವುದಾಗಲಿಲ್ಲ. ಮರುದಿನ ಆಕಿ ಹೊಲಕ್ಕೆ ಬರಲಿಲ್ಲ. ಮಳೆಗೆ ನಮ್ಮ ಕಾಲು ಭಾಗ ಹೆಸರು ಕಪ್ಪಾಯಿತು.

ಲೆಕ್ಕ ಎಲ್ಲಿ ತಪ್ಪಿತು

ಆಮ್ಯಾಲೆ ರಾತ್ರಿ ಕೂತು ಲೆಕ್ಕ ಹಾಕಿದೆ. ಬೇವಿನ ನೆರಳಿಗೆ ಹೋಗುತ್ತಿದ್ದ ಜಾಗ ಹೆಚ್ಚೆಂದರೆ ಒಂದು ಗುಂಟೆ. ಎಕರೆಗೆ ಎರಡೂವರೆ ಕ್ವಿಂಟಲ್ ಬಂದರೂ ಒಂದು ಗುಂಟೆಗೆ ಆರು ಕೆ.ಜಿ. ಹೆಸರು. ಸುಮಾರು 500 ರೂಪಾಯಿ. ಅದೂ ಪೂರ್ತಿ ಹೋಗುತ್ತಿರಲಿಲ್ಲ. ಈ 500 ರೂಪಾಯಿ ಉಳಿಸಲು ಹೋಗಿ ಏನು ಕಳೆದುಕೊಳ್ಳುವವನಿದ್ದೆ!

ಎತ್ತಿಗೆ ನೆರಳು ನೋಡಿ ಕಟ್ಟುತ್ತೇವೆ. ಬೀಜಕ್ಕೆ ಬಿಸಿಲು ತಾಗಬಾರದು ಅಂತ ಕಾಯುತ್ತೇವೆ. ಬುತ್ತಿ, ನೀರಿನ ಕೊಡ ನೆರಳಿಗಿಡುತ್ತೇವೆ. ಕೂಸಿನ ವಿಚಾರ ಮಾತ್ರ "ಹೆಂಗಸರು ನೋಡಿಕೋತಾರ" ಅಂತ ಬಿಟ್ಟುಬಿಡುತ್ತೇವೆ. ಹೊಲದಲ್ಲಿ ಗಿಡ ಇರಬೇಕೋ ಬೇಡವೋ ಅಂತ ತೀರ್ಮಾನ ಮಾಡುವವರು ನಾವು ಗಂಡಸರು. ಅದರ ಕೆಳಗೆ ಕೂಸು ಮಲಗಿಸುವವರು ಹೆಂಗಸರು. ಅವರನ್ನು ಒಂದು ಮಾತು ಕೇಳದೆ ಕಡಿಯುವುದು ತಪ್ಪು. ನನ್ನ ಅಭಿಪ್ರಾಯ ಇಷ್ಟೇ: ಪ್ರತಿ ಹೊಲದಲ್ಲಿ ಜೋಲಿ ಕಟ್ಟಲು ಒಂದು ಗಿಡ ಇರಬೇಕು. ಇಲ್ಲದಿದ್ದರೆ ಈ ವರ್ಷವೇ ಹಚ್ಚಬೇಕು.

ಜೋಲಿ ಕಟ್ಟುವಾಗ

ನಮ್ಮ ಮನೆಯಲ್ಲಿ ಈಗ ಪಾಲಿಸುವ ಕ್ರಮ ಬರೆಯುತ್ತೇನೆ. ಬಹಳಷ್ಟು ಮನೆಯಾಕಿ ಹೇಳಿದ್ದು.

ಹತ್ತಿ ಸೀರೆಯೇ ಆಗಬೇಕು. ಹಳೇ ಇಳಕಲ್ ಸೀರೆ, ಕೈಮಗ್ಗದ ಹತ್ತಿ ಸೀರೆ ಗಂಟು ಗಟ್ಟಿ ಹಿಡಿಯುತ್ತವೆ, ಗಾಳಿ ಆಡುತ್ತದೆ. ಈಗಿನ ಪಾಲಿಯೆಸ್ಟರ್ ಸೀರೆಯ ಗಂಟು ಜಾರುತ್ತದೆ, ಒಳಗೆ ಕೂಸು ಬೆವರುತ್ತದೆ. ಜೀರ್ಣವಾದ ಸೀರೆಯನ್ನು ಎರಡೂ ಕೈಯಿಂದ ಜಗ್ಗಿ ನೋಡಬೇಕು, ಹರಿಯುವಂಥದ್ದು ಬೇಡ.

ಟೊಂಗಿ ತೋಳಿನಷ್ಟು ದಪ್ಪ, ಹಸಿ ಇರಬೇಕು. ದೊಡ್ಡವರು ಒಬ್ಬರು ಜೋತುಬಿದ್ದು ನೋಡಿ ಆಮ್ಯಾಲೆ ಕಟ್ಟಬೇಕು. ಬೇವು ನಂಬಿಕಸ್ಥ ಗಿಡ. ನುಗ್ಗೆ ಟೊಂಗಿ ಪಟ್ಟನೆ ಮುರಿಯುತ್ತದೆ, ಬೇಡವೇ ಬೇಡ. ಮ್ಯಾಲೆ ಕಣಜದ ಗೂಡು, ಕೆಳಗೆ ಇರುವೆ ಗೂಡು ಇದೆಯೇ ನೋಡಬೇಕು. ಜೋಲಿಯ ತಳ ನೆಲದಿಂದ ಎರಡು ಗೇಣಿಗಿಂತ ಮೇಲೆ ಬೇಡ. ಕೆಳಗೆ ಕಲ್ಲು ಆರಿಸಿ ಕೌದಿ ಹಾಸಬೇಕು.

ಇನ್ನೊಂದು ಮುಖ್ಯ ಮಾತು. ಜೋಲಿಯಲ್ಲಿ ಕೂಸು ಮುದುಡಿ ಗದ್ದ ಎದೆಗೆ ಒತ್ತಿದರೆ ಉಸಿರು ಕಟ್ಟುತ್ತದೆ. ಸೀರೆ ಮುಖದ ಮ್ಯಾಲೆ ಮುಚ್ಚಿಕೊಂಡರೂ ಅದೇ ಅಪಾಯ. ಅದಕ್ಕ ಮುಖ ಕಾಣುವಂಗೆ ಮಲಗಿಸಿ, ಪದೇಪದೇ ನೋಡಬೇಕು. ಕಣ್ಣಿಗೆ ಕಾಣದಷ್ಟು ದೂರದ ಸಾಲಿಗೆ ತಾಯಿ ಹೋಗಬಾರದು. ಕೂಸು ನಿದ್ದಿ ಹೋದ ಮ್ಯಾಲೆ ನೆರಳಲ್ಲಿ ನೆಲದ ಮೇಲೆ ದಪ್ಪ ಕೌದಿ ಹಾಸಿ, ಅಂಗಾತ ಮಲಗಿಸಿ, ಪಕ್ಕದಲ್ಲಿ ಒಬ್ಬರು ಕೂತರೆ ಇನ್ನೂ ಚಲೋ. ಹೊರಳಲು, ಏಳಲು ಕಲಿತ ಕೂಸನ್ನು ಜೋಲಿಯಲ್ಲಿ ಒಂಟಿ ಬಿಡಲೇಬಾರದು. ಸಣ್ಣ ಹುಡುಗರ ಕೈಗೆ ಜೋಲಿ ತೂಗಲು ಕೊಡಬಾರದು, ಅವರಿಗೆ ಅದು ಜೋಕಾಲಿ ಇದ್ದಂಗೆ.

ಗಿಡ ಬೆಳೆಯುವ ತನಕ ನಾವು ಮೂರು ಗಳ ಮೇಲ್ತುದಿ ಕೂಡಿಸಿ ಬಿಗಿದು, ಬುಡ ಅಗಲ ಮಾಡಿ ಒಂದೊಂದು ಗೇಣು ಹೂತು, ಮ್ಯಾಲೆ ಹಳೇ ಕೌದಿ ಹೊದಿಸುತ್ತೇವೆ. ಅದರಡಿ ಜೋಲಿ ಕಟ್ಟಬಹುದು. ಟ್ರಾಲಿ, ಟ್ರ್ಯಾಕ್ಟರ್ ಕೆಳಗೆ ಮಾತ್ರ ಎಂದೂ ಬೇಡ.

ಕೂಸು ಕಟ್ಟಿಕೊಳ್ಳುವುದು

ಹಿಂದಿನ ವರ್ಷ ಬೆಂಗಳೂರಿಂದ ನಮ್ಮ ಬೀಗರ ಮಗಳು ಬಂದಿದ್ದಳು. ಎದೆಗೆ ಒಂದು ಚೀಲ ಕಟ್ಟಿಕೊಂಡು ಅದರೊಳಗೆ ಕೂಸು ಕೂರಿಸಿದ್ದಳು. ಅದರ ಬೆಲೆ ಕೇಳಿ ನಮಗೆ ನಗು ಬಂತು. ಅಷ್ಟು ರೊಕ್ಕಕ್ಕೆ ಒಂದು ಕುರಿಮರಿ ಬರುತ್ತದೆ. ಆದರೆ ನೋಡಿದರೆ ವಿದ್ಯೆ ನಮ್ಮದೇ. ನಮ್ಮ ಅವ್ವಂದಿರು ಟೊಂಕದ ಮ್ಯಾಲೆ ಕೂಸು ಕೂರಿಸಿ, ಸೆರಗಿನಿಂದ ಬಿಗಿದು, ತಲೆ ಮ್ಯಾಲೆ ಬುತ್ತಿ ಹೊತ್ತು ಹೊಲಕ್ಕೆ ಬರುತ್ತಿರಲಿಲ್ಲವೇ? ಹಾಗೆ ಕೂತಾಗ ಕೂಸಿನ ಕಾಲು ಎರಡೂ ಕಡೆ ಅಗಲ ಇರುತ್ತವೆ. ಇದು ಕೂಸಿನ ಸೊಂಟದ ಕೀಲಿಗೆ ಒಳ್ಳೆಯದು ಅಂತ ಈಗ ಡಾಕ್ಟರೂ ಹೇಳುತ್ತಾರೆ. ಕಾಲು ನೆಟ್ಟಗೆ ಮಾಡಿ ಬಿಗಿದು ಸುತ್ತುವುದು ಕೀಲಿಗೆ ಕೆಟ್ಟದ್ದು.

ತಿಂಗಳು ತುಂಬದೆ ಹುಟ್ಟಿದ, ತೂಕ ಕಡಿಮೆ ಇದ್ದ ಕೂಸನ್ನು ತಾಯಿಯ ಬರಿ ಎದೆಗೆ ತಾಗಿಸಿ ಬಟ್ಟೆ ಕಟ್ಟಿ ಇಡುವುದಕ್ಕೆ ಕಾಂಗರೂ ಆರೈಕೆ ಅನ್ನುತ್ತಾರೆ. 1978ರಲ್ಲಿ ಕೊಲಂಬಿಯಾ ದೇಶದ ಬೊಗೋಟಾ ಊರಿನ ಆಸ್ಪತ್ರೆಯಲ್ಲಿ ಸುರುವಾಗಿದ್ದು. ತಾಯಿಯ ಮೈಕಾವಿನಿಂದ ಕೂಸಿನ ಮೈ ತಣ್ಣಗಾಗುವುದಿಲ್ಲ, ಹಾಲೂ ಚಲೋ ಕುಡಿಯುತ್ತದೆ. ಇದನ್ನು ಹಳ್ಳಿ ಮನೆಗಳ ತನಕ ಹೇಗೆ ಮುಟ್ಟಿಸಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಸಂಗಡ ನಡೆದ ಅಧ್ಯಯನದ ಒಂದು ಭಾಗ ನಮ್ಮ ಕೊಪ್ಪಳ ಜಿಲ್ಲೆಯಲ್ಲೇ ನಡೆಯಿತು. ಅಂಥ ಕೂಸಿದ್ದವರು ನಾಚಿಕೆ ಬಿಟ್ಟು ನರ್ಸ್, ಆಶಾ ಕಾರ್ಯಕರ್ತೆಯರನ್ನು ಕೇಳಿ ಕಲಿಯಬೇಕು. ಅಪ್ಪ, ಅಜ್ಜಿ ಸಹಿತ ಎದೆಗೆ ಇಟ್ಟುಕೊಳ್ಳಬಹುದು.

ನಮ್ಮ ಮನೆಯಾಕಿ ಆ ಬೆಂಗಳೂರು ಚೀಲ ತಿರುವಿಮುರುವಿ ನೋಡಿ, ಎರಡು ಪದರ ಹತ್ತಿ ಸೀರೆಗೆ ಕೌದಿ ಹೊಲಿಗೆ ಹಾಕಿ ಅಂಥದ್ದೇ ಒಂದು ಮಾಡಿದಳು. ಅಗಲವಾದ ನಾಲ್ಕು ಪಟ್ಟಿ, ನಡುವೆ ಕೂಸು ಕೂರುವ ಬಟ್ಟೆ. ಖರ್ಚು ನೂಲಿನದಷ್ಟೇ. ಸೊಸಿ ಹೊಲಕ್ಕೆ ಹೋಗಿಬರುವಾಗ ಕಟ್ಟಿಕೊಳ್ಳುತ್ತಾಳೆ, ಕೈ ಎರಡೂ ಖಾಲಿ. ಮಗ ಮೊದಲು ನಾಚಿದ, ಈಗ ಸಂತಿಗೂ ಕಟ್ಟಿಕೊಂಡು ಹೋಗುತ್ತಾನೆ.

ಆದರೆ ಕೂಸು ಕಟ್ಟಿಕೊಂಡು ಒಲಿ ಮುಂದೆ ಕೂರಬಾರದು, ರಾಶಿ ಮಷಿನ್ ಹತ್ತಿರ ಹೋಗಬಾರದು. ಔಷಧಿ ಹೊಡೆಯುವ ದಿನ ಕೂಸು ಹೊಲಕ್ಕೇ ಬರಬಾರದು, ಪಕ್ಕದ ಹೊಲದವರು ಹೊಡೆಯುತ್ತಿದ್ದರೂ ಬೇಡ. ದೊಡ್ಡವರಿಗೆ ತಲೆಸುತ್ತು ತರುವಷ್ಟು ವಿಷ ಸಣ್ಣ ಮೈಗೆ ಬಹಳ ದೊಡ್ಡದು. ಔಷಧಿ ಹೊಡೆದು ಬಂದವರು ಮೈ ತೊಳೆದು ಬಟ್ಟೆ ಬದಲಿಸಿಯೇ ಕೂಸು ಮುಟ್ಟಬೇಕು. ಆ ಬಟ್ಟೆಯನ್ನು ಜೋಲಿ ಸೀರೆ ಸಂಗಡ ಒಗೆಯಬಾರದು.

ಕೈಯಾರೆ ಮಾಡಿದ್ದು

ಔಷಧಿ ಡಬ್ಬಿಯ ಮುಚ್ಚಳ ಹಿಡಿದು ಆಡುವ ಕೂಸುಗಳನ್ನು ನಾನು ಕಂಡಿದ್ದೇನೆ. ಆಡಾಕ ಬೇರೆ ಏನೂ ಇಲ್ಲದ್ದಕ್ಕೆ ಹಂಗಾಗುತ್ತದೆ. ಜೋಳದ ದಂಟಿನ ಬಂಡಿ ಮಾಡಲು ಹತ್ತು ನಿಮಿಷ ಸಾಕು. ಮಣ್ಣೆತ್ತಿನ ಅಮಾಸಿಗೆ ಎರಿಮಣ್ಣಿನ ಎತ್ತು ಮಾಡುತ್ತೇವಲ್ಲ, ವರ್ಷದ ಉಳಿದ ದಿನ ಮಾಡಬಾರದು ಅಂತ ಯಾರು ಹೇಳಿದ್ದಾರೆ? ಕಿನ್ನಾಳದ ಬಣ್ಣದ ಗೊಂಬೆ, ಕಲಘಟಗಿ ತೊಟ್ಟಿಲು ನೋಡಲು ಚಂದ, ಅವು ಎಲ್ಲರ ಕೈಗೆ ಎಟುಕುವುದಿಲ್ಲ. ಕೌದಿ, ಕುಂಚಗಿ, ದಂಟಿನ ಬಂಡಿ ಎಲ್ಲರ ಮನೆಯಲ್ಲೂ ಆಗುತ್ತವೆ. ಕೌದಿ ಹೊಲಿಯುವ ಮುದುಕಿಯರು ಇನ್ನೂ ಇದ್ದಾರೆ. ಅವರು ಇರುವಾಗಲೇ ಸೊಸೆಯಂದಿರು ಸೂಜಿ ಹಿಡಿದು ಕಲಿಯಲಿ.

ಒಬ್ಬಾಕಿ ಕೂಸು ಕಾಯಲಿ

ಅಂಗನವಾಡಿಯಲ್ಲಿ ಮೂರು ವರ್ಷ ದಾಟಿದ ಮಕ್ಕಳು ಕೂರುತ್ತಾರೆ. ಅದಕ್ಕಿಂತ ಸಣ್ಣವಕ್ಕ ಅಂತ 2023ರಲ್ಲಿ ರಾಜ್ಯ ಸರ್ಕಾರ 4,000 ಗ್ರಾಮ ಪಂಚಾಯ್ತಿಗಳಲ್ಲಿ ‘ಕೂಸಿನ ಮನೆ’ ಮಾಡುವುದಾಗಿ ಸಾರಿತು. ಒಳ್ಳೆಯದೇ. ಆದರೆ ಅದು ಊರೊಳಗೆ, ಹೊಲ ಊರಾಚೆ. ಮೊಲೆ ಕುಡಿಯುವ ಕೂಸು ತಾಯಿ ಹತ್ತಿರವೇ ಇರಬೇಕಾಗುತ್ತದೆ.

2005ರ ಉದ್ಯೋಗ ಖಾತ್ರಿ ಕಾನೂನಿನಲ್ಲಿ ಒಂದು ಒಳ್ಳೆಯ ಮಾತಿತ್ತು. ಕೆಲಸದ ಜಾಗಕ್ಕೆ ಆರು ವರ್ಷದೊಳಗಿನ ಐದು ಅಥವಾ ಹೆಚ್ಚು ಮಕ್ಕಳು ಬಂದರೆ, ಕೆಲಸದ ಹೆಣ್ಣುಮಕ್ಕಳಲ್ಲೇ ಒಬ್ಬಾಕಿಯನ್ನು ಅವುಗಳನ್ನು ನೋಡಿಕೊಳ್ಳಲು ಹಚ್ಚಬೇಕು, ಆಕಿಗೂ ಕೂಲಿ ಕೊಡಬೇಕು ಅಂತ. ಇದನ್ನು ನಾವು ನಮ್ಮ ಹೊಲದಲ್ಲೂ ಮಾಡಬಹುದಲ್ಲ? ಹತ್ತು ಹೆಂಗಸರು ಕಳೆಗೆ ಬಂದರೆ ಮೂರು ನಾಲ್ಕು ಕೂಸು ಬಂದಿರುತ್ತವೆ. ಬಗ್ಗಲಾರದ ಒಬ್ಬ ಮುದುಕಿಯನ್ನು ಕರೆದು ಪೂರಾ ಕೂಲಿ ಕೊಟ್ಟು ಗಿಡದ ಕೆಳಗೆ ಕೂರಿಸಿದರೆ ಉಳಿದವರ ಕೈ ಚುರುಕಾಗುತ್ತದೆ. ಕಳೆದ ಮುಂಗಾರಿಗೆ ನಾನು ಹಂಗೇ ಮಾಡಿದೆ. "ಸುಮ್ಮನ ಕೂತಾಕಿಗೆ ಕೂಲಿ ಕೊಡ್ತಾನ" ಅಂತ ಕೆಲವರು ಆಡಿಕೊಂಡರು. ಆಡಲಿ. ನಮ್ಮ ಹೆಸರು ಎರಡು ದಿನ ಮೊದಲೇ ಮನೆಗೆ ಬಂತು.

ಗಿಡ ಕಡಿದ ಜಾಗದಲ್ಲೇ ಈಗ ಬೇವಿನ ಸಸಿ ಹಚ್ಚಿದ್ದೇನೆ, ಕುರಿ ಮೇಯದಂತೆ ಸುತ್ತ ಮುಳ್ಳು ಹಾಕಿದ್ದೇನೆ. ಟ್ರ್ಯಾಕ್ಟರ್ ಸ್ವಲ್ಪ ಬಳಸಿಕೊಂಡು ತಿರುಗುತ್ತದೆ, ಅದಕ್ಕೇನೂ ಖರ್ಚು ಬಂದಿಲ್ಲ. ಆ ಕೂಸು ಈಗ ನಡೆಯುತ್ತಾಳೆ. ತಂಬಿಗಿಯಲ್ಲಿ ನೀರು ತಂದು ಸಸಿಗೆ ಹಾಕುತ್ತಾಳೆ, ಅರ್ಧ ತನ್ನ ಕಾಲಿಗೇ ಚೆಲ್ಲಿಕೊಳ್ಳುತ್ತಾಳೆ. ಆ ಟೊಂಗಿ ಜೋಲಿ ತಡೆಯುವಷ್ಟು ಗಟ್ಟಿಯಾಗಲು ಇನ್ನೂ ಬಹಳ ವರ್ಷ ಬೇಕು. ಆಕಿಗೆ ಅದು ಉಪಯೋಗಕ್ಕೆ ಬರುವುದಿಲ್ಲ. ಮುಂದೆ ಬರುವ ಕೂಸಿಗೆ ಆದೀತು. ನಮ್ಮಪ್ಪನೂ ತನಗಾಗಿ ಹಚ್ಚಿರಲಿಲ್ಲ.

ನಿಮ್ಮ ಒಡ್ಡಿನ ಮ್ಯಾಲೆ ಗಿಡ ಇದ್ದರೆ, ಕೊಡಲಿ ಎತ್ತುವ ಮೊದಲು ಮನೆಯ ಹೆಣ್ಣುಮಕ್ಕಳನ್ನು ಒಂದು ಮಾತು ಕೇಳಿರಿ. ನಿಮ್ಮ ಕಡೆ ಹೊಲದಲ್ಲಿ ಕೂಸು ಹೇಗೆ ನೋಡಿಕೊಳ್ಳುತ್ತೀರಿ ಅನ್ನುವುದನ್ನು ಪತ್ರಿಕೆಗೆ ಬರೆಯಿರಿ. ನಮ್ಮಂಥವರಿಗೆ ಅದೂ ಬೇಸಾಯದ ಪಾಠವೇ.