ಗುಗ್ಗುಳ ಮತ್ತು ನಮ್ಮ ರಕ್ತನಾಳಗಳು

ಉತ್ತರ ಕರ್ನಾಟಕದಿಂದ ಬಂದು ಪುಣೆಯಲ್ಲಿ ನೆಲೆಸಿರುವ ನಮ್ಮಲ್ಲಿ ಅನೇಕರಿಗೆ ಗುಗ್ಗುಳ ಹೊಸದಲ್ಲ. ವೀರಭದ್ರ ದೇವರ ಗುಗ್ಗಳದ ಮೆರವಣಿಗೆಯನ್ನು ಕಂಡವರಿಗೆ ಆ ಧೂಪದ ಕಂಪು ಊರಿನ ನೆನಪನ್ನೇ ತರುತ್ತದೆ. ಅದೇ ಗುಗ್ಗುಳ ಇಂದು ಗುಳಿಗೆಯ ರೂಪದಲ್ಲಿಯೂ ದೊರೆಯುತ್ತದೆ. ಅದು ರಕ್ತನಾಳಗಳನ್ನು ಶುದ್ಧಗೊಳಿಸುತ್ತದೆಂಬ ಮಾತೂ ಬಾಯಿಂದ ಬಾಯಿಗೆ ಹಬ್ಬಿದೆ. ಇದನ್ನು ಎಷ್ಟರಮಟ್ಟಿಗೆ ನಂಬಬೇಕು?

ರಕ್ತನಾಳವೆಂದರೆ ಬರಿಯ ಕೊಳವೆಯಲ್ಲ. ಅದರ ಒಳಮೈಯನ್ನು ಜೀವಕೋಶಗಳ ಒಂದೇ ಒಂದು ಪದರ ಹೊದಿಸಿದೆ. ಈ ಪದರವು ನೈಟ್ರಿಕ್ ಆಕ್ಸೈಡನ್ನು ಸ್ರವಿಸಿ ನಾಳವನ್ನು ಸಡಿಲವಾಗಿರಿಸುತ್ತದೆ. ಧೂಮಪಾನ, ಅಧಿಕ ರಕ್ತದೊತ್ತಡ, ಮಧುಮೇಹಗಳಿಂದ ಇದು ಕೆಟ್ಟಾಗ ಕೊಲೆಸ್ಟರಾಲ್ ಹೊತ್ತ ಕಣಗಳು ಗೋಡೆಯೊಳಗೆ ನುಸುಳುತ್ತವೆ. ಅವನ್ನು ನುಂಗಲು ಬಂದ ಬಿಳಿಯ ರಕ್ತಕಣಗಳು ಕೊಬ್ಬು ತುಂಬಿ ಅಲ್ಲಿಯೇ ಉಳಿಯುತ್ತವೆ. ವರ್ಷಗಳು ಕಳೆದಂತೆ ಗೋಡೆ ದಪ್ಪವಾಗಿ ದಾರಿ ಕಿರಿದಾಗುತ್ತದೆ.

ಅರಿಶಿನದ ಕರ್ಕ್ಯುಮಿನ್ ಮೊದಲಾದ ಸಸ್ಯದ್ರವ್ಯಗಳು ಪ್ರಯೋಗಶಾಲೆಯಲ್ಲಿ ಬೆಳೆಸಿದ ಇಂಥ ಜೀವಕೋಶಗಳ ಉರಿಯೂತವನ್ನು ತಗ್ಗಿಸಿರುವುದು ನಿಜ. ಆದರೆ ಗಾಜಿನ ತಟ್ಟೆಯ ಜೀವಕೋಶ ಬೇರೆ, ನಡೆದಾಡುವ ಮನುಷ್ಯ ಬೇರೆ. ತಿಂದ ಕರ್ಕ್ಯುಮಿನ್‌ನಲ್ಲಿ ರಕ್ತವನ್ನು ಸೇರುವುದು ಅತ್ಯಲ್ಪ.

ಗುಗ್ಗುಳದ ಕಥೆ ಇನ್ನೂ ಬೋಧಪ್ರದವಾದುದು. ಸುಶ್ರುತ ಸಂಹಿತೆಯಲ್ಲಿ ಹೇಳಿರುವ ಮೇದೋರೋಗದ ಜಾಡು ಹಿಡಿದು ಜಿ. ವಿ. ಸತ್ಯವತಿಯವರು ಕಾಶಿ ಹಿಂದೂ ವಿಶ್ವವಿದ್ಯಾಲಯದಲ್ಲಿ ಮೊಲಗಳ ಮೇಲೆ ಪ್ರಯೋಗ ನಡೆಸಿ, ಗುಗ್ಗುಳವು ಕೊಲೆಸ್ಟರಾಲನ್ನು ತಗ್ಗಿಸುವುದನ್ನು ೧೯೬೬ರಲ್ಲಿ ತೋರಿಸಿದರು. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಅದರಿಂದ ಔಷಧವನ್ನೇ ರೂಪಿಸಿತು. ನಮ್ಮ ದೇಶದ ರೋಗಿಗಳಲ್ಲಿಯೂ ಒಳ್ಳೆಯ ಫಲ ಕಂಡಿತು. ಆದರೆ ಅಮೆರಿಕದಲ್ಲಿ ೧೦೩ ಮಂದಿಯ ಮೇಲೆ ನಡೆದು ೨೦೦೩ರಲ್ಲಿ ಪ್ರಕಟವಾದ ಎಂಟು ವಾರಗಳ ಪರೀಕ್ಷೆಯಲ್ಲಿ, ಕೆಟ್ಟ ಕೊಲೆಸ್ಟರಾಲ್ ಇಳಿಯುವುದಿರಲಿ, ಸ್ವಲ್ಪ ಏರಿತು. ಕೆಲವರಿಗೆ ಮೈಮೇಲೆ ದದ್ದುಗಳೆದ್ದವು.

ಇದರಿಂದ ಆಯುರ್ವೇದವೇ ಸುಳ್ಳೆಂದು ನಾನು ಹೇಳುತ್ತಿಲ್ಲ. ಪ್ರಾಚೀನರ ಮಾತನ್ನು ಒರೆಗಲ್ಲಿಗೆ ಹಚ್ಚಿ ನೋಡಿದ ಸತ್ಯವತಿಯವರ ಮಾರ್ಗವೇ ನಿಜವಾದ ಗೌರವ. ಪರೀಕ್ಷಿಸದೆ ನುಂಗುವುದು ಗೌರವವಲ್ಲ. ರಜೆಗೆ ಊರಿಗೆ ಹೋಗಿ ಬರುವಾಗ ನಮ್ಮ ಚೀಲದಲ್ಲಿ ಶೇಂಗಾ ಚಟ್ನಿಯೊಡನೆ ಯಾವುದಾದರೊಂದು ಚೂರ್ಣದ ಪೊಟ್ಟಣವೂ ಇರುತ್ತದೆ. ತಂದುಕೊಟ್ಟವರ ಪ್ರೀತಿಯಲ್ಲಿ ಸಂದೇಹವಿಲ್ಲ. ಆದರೆ ಅದನ್ನು ನಂಬಿ ವೈದ್ಯರು ಬರೆದುಕೊಟ್ಟ ಗುಳಿಗೆಯನ್ನು ಬಿಡುವುದು ಪ್ರಾಣಕ್ಕೆ ಎರವಾಗಬಹುದು. ಎರಡನ್ನೂ ಗುಟ್ಟಾಗಿ ಸೇವಿಸುವುದೂ ಕ್ಷೇಮವಲ್ಲ: ಹೃದ್ರೋಗಿಗಳು ಸೇವಿಸುವ ಪ್ರೊಪ್ರನೊಲಾಲ್ ಮತ್ತು ಡಿಲ್ಟಿಯಾಜಂ ರಕ್ತವನ್ನು ಸೇರುವ ಪ್ರಮಾಣವನ್ನು ಗುಗ್ಗುಳ ತಗ್ಗಿಸುತ್ತದೆ.

ಹಾಗಾದರೆ ಸಸ್ಯಗಳಿಂದ ಪ್ರಯೋಜನವಿಲ್ಲವೇ? ಖಂಡಿತ ಇದೆ, ಅದು ಸೀಸೆಯಲ್ಲಿಲ್ಲ, ತಟ್ಟೆಯಲ್ಲಿದೆ. ಮಂಡಈಯ ಮೆಂತ್ಯದ ಸೊಪ್ಪು, ಮೊಳಕೆ ಬಂದ ಮಡಕಿ, ಜೋಳದ ರೊಟ್ಟಿ ಹೃದಯಕ್ಕೆ ಹಿತವಾದವು. ಕರಿದ ವಡಾಪಾವ್, ಫರಸಾಣಗಳನ್ನು ಕಡಿಮೆ ಮಾಡಿ, ತಂಬಾಕನ್ನು ತೊರೆದು, ದಿನವೂ ನಡೆಯುವುದು ರಕ್ತನಾಳಗಳಿಗೆ ನಾವು ಸಲ್ಲಿಸುವ ಸೇವೆ.

ಗುಗ್ಗುಳದ ಧೂಪ ದೇವರ ಮನೆಯಲ್ಲಿ ಬೆಳಗಲಿ. ಅದರ ಗುಳಿಗೆಯ ವಿಷಯ ಮಾತ್ರ ವೈದ್ಯರಿಗೆ ತಿಳಿದಿರಲಿ.